ಬೆನ್ನುಮೂಳೆಯ ಸೋಂಕು: ಎಕ್ಸ್‌ರೇ ಶುದ್ಧವಿದ್ದರೂ ನಿಶ್ಚಿಂತೆ ಸಲ್ಲದು

ಸಂಡೂರಿನ ಗಣಿ ಕಾರ್ಮಿಕರಿಗಾಗಲಿ, ಕಂಪ್ಲಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವವರಿಗಾಗಲಿ, ಹಂಪಿಯ ತೋಟಗಳಲ್ಲಿ ಬಾಳೆಗೊನೆ ಹೊರುವವರಿಗಾಗಲಿ ಬೆನ್ನುನೋವು ಹೊಸತಲ್ಲ. ಹೊಸತಲ್ಲವೆಂಬ ಕಾರಣಕ್ಕೇ ಆ ನೋವಿನ ಹಿಂದೆ ಸೋಂಕು ಅಡಗಿದ್ದರೆ ಅದು ತಡವಾಗಿ ಪತ್ತೆಯಾಗುತ್ತದೆ. ಮಾತ್ರೆ, ಮುಲಾಮುಗಳ ಬಳಿಕ ಒಂದು ಎಕ್ಸ್‌ರೇ. ಅದರಲ್ಲಿ ಏನೂ ಕಾಣಲಿಲ್ಲವೆಂದರೆ ರೋಗಿ ಮತ್ತೆ ಕೆಲಸಕ್ಕೆ ಮರಳುತ್ತಾನೆ.

ಎಕ್ಸ್‌ರೇಯ ಮಿತಿ ಇರುವುದು ಇಲ್ಲಿಯೇ. ಮೂಳೆಯಲ್ಲಿನ ಖನಿಜಾಂಶ ಶೇ. 30ರಿಂದ 50ರಷ್ಟು ನಶಿಸಿದ ಮೇಲಷ್ಟೇ ಹಾನಿಯು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೈಕಾಲಿನ ಮೂಳೆಗೆ ತೀವ್ರ ಸೋಂಕು ತಗುಲಿದಾಗ ಇದಕ್ಕೆ ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಬೆನ್ನುಮೂಳೆಯ ಕ್ಷಯದಲ್ಲಿ ತಿಂಗಳುಗಳೇ ಉರುಳಬಹುದು. ಆದ್ದರಿಂದ ಎಕ್ಸ್‌ರೇ ಶುದ್ಧವಾಗಿದ್ದ ಮಾತ್ರಕ್ಕೆ ಸೋಂಕಿಲ್ಲವೆಂದು ಹೇಳಲಾಗದು.

ಎಂಆರ್‌ಐ ನೋಡುವುದು ಖನಿಜವನ್ನಲ್ಲ, ಮಜ್ಜೆಯಲ್ಲಿ ಹೆಚ್ಚಿದ ನೀರಿನಂಶವನ್ನು. ಸೋಂಕು ತಗುಲಿದ ಕೆಲವೇ ದಿನಗಳಲ್ಲಿ ಮಜ್ಜೆ ಬಾತುಕೊಳ್ಳುವುದರಿಂದ ರೋಗದ ಸುಳಿವು ಬೇಗ ಸಿಗುತ್ತದೆ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿದೆಯೇ, ಸೊಂಟದ ಸ್ನಾಯುವಿನಲ್ಲಿ ಕೀವು ಕಟ್ಟಿದೆಯೇ ಎಂಬುದೂ ತಿಳಿಯುತ್ತದೆ. ಇದರಲ್ಲಿ ವಿಕಿರಣವಿಲ್ಲ; ಆದರೆ ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿರುವವರು ಮೊದಲೇ ತಿಳಿಸಬೇಕು. ಸಾಧ್ಯವಾದರೆ ಇಡೀ ಬೆನ್ನಿನ ಸ್ಕ್ಯಾನ್ ಮಾಡಿಸುವುದು ಲೇಸು. ಕ್ಷಯವು ದೂರದೂರದ ಎರಡು ಕಡೆ ಕಾಣಿಸಿಕೊಳ್ಳುವುದುಂಟು.

ಮೂಳೆ-ಕೀಲುಗಳ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನುಮೂಳೆಯದೇ. ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ‘ಪಾಟ್ ಕಾಯಿಲೆ’ ಎಂಬ ಹೆಸರು. ಕ್ಷಯವು ಬೆನ್ನುಮಣಿಗಳ ನಡುವಿನ ಡಿಸ್ಕನ್ನು ಬಹುಕಾಲ ಉಳಿಸುತ್ತದೆ. ಸಾಮಾನ್ಯ ಕೀವಿನ ಸೋಂಕು ಡಿಸ್ಕನ್ನೇ ಮೊದಲು ಹಾಳುಗೆಡವುತ್ತದೆ. ಕಾಯಿಸದ ಹಾಲಿನಿಂದಲೂ ಸೋಂಕಿತ ದನ, ಕುರಿ, ಮೇಕೆಗಳ ಸಂಪರ್ಕದಿಂದಲೂ ಬರುವ ಬ್ರೂಸೆಲ್ಲಾ ಹೆಚ್ಚಾಗಿ ಸೊಂಟದ ಭಾಗವನ್ನು ಹಿಡಿಯುತ್ತದೆ. ಸಂಡೂರಿನ ಕಬ್ಬಿಣದ ಅದಿರು ಸಿಲಿಕಾಯುಕ್ತ ಶಿಲೆಯೊಡನೆ ಬೆರೆತಿರುವಂಥದ್ದು. ಸಿಲಿಕಾ ಧೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಕ್ಷಯದ ಅಪಾಯ ಹೆಚ್ಚು. ಗಣಿಯಲ್ಲಿ ದುಡಿದವರು ಈ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು.

ಮಕ್ಕಳ ಕೀಲಿನ ಮಾತು ಬೇರೆ. ಜ್ವರದೊಡನೆ ಮಗು ಕಾಲೂರಲು ನಿರಾಕರಿಸಿದರೆ ಮರುದಿನದವರೆಗೆ ಕಾಯಬಾರದು. ಸೊಂಟದ ಕೀಲಿನಲ್ಲಿ ತುಂಬಿದ ದ್ರವವನ್ನು ಅಲ್ಟ್ರಾಸೌಂಡ್ ಕ್ಷಣದಲ್ಲಿ ತೋರಿಸುತ್ತದೆ, ಅದೇ ಹೊತ್ತಿನಲ್ಲಿ ಸೂಜಿಯಿಂದ ದ್ರವ ತೆಗೆಯಲೂ ನೆರವಾಗುತ್ತದೆ. ಎಂಆರ್‌ಐಗಾಗಿ ಊರೂರು ಅಲೆಯುವುದು ಇಲ್ಲಿ ಕಾಲಹರಣವಾದೀತು.

ಯಾವ ಚಿತ್ರವೂ ರೋಗಾಣುವಿನ ಹೆಸರು ಹೇಳದು. ಸಿಟಿ ಸ್ಕ್ಯಾನಿನ ಸಹಾಯದಿಂದ ಸೂಜಿ ತೂರಿಸಿ ತೆಗೆದ ಮಾದರಿಯನ್ನು ಕಲ್ಚರ್‌ಗೂ, ಕ್ಷಯಕ್ಕಾಗಿ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಕಳುಹಿಸಬೇಕು. ಔಷಧಿಗೆ ಬಗ್ಗದ ಕ್ಷಯವೇ ಎಂಬುದೂ ಆಗ ಗೊತ್ತಾಗುತ್ತದೆ. ರೋಗಿಯ ಸ್ಥಿತಿ ಗಂಭೀರವಾಗಿಲ್ಲದಿದ್ದರೆ ಮಾದರಿ ತೆಗೆಯುವ ಮುನ್ನ ಆಂಟಿಬಯಾಟಿಕ್ ಆರಂಭಿಸದಿರುವುದು ಉತ್ತಮ. ಔಷಧಿ ಅಂಗಡಿಯಲ್ಲಿ ಕೇಳಿ ನುಂಗಿದ ನಾಲ್ಕು ಮಾತ್ರೆಗಳು ಕಲ್ಚರ್ ಫಲಿತಾಂಶವನ್ನೇ ಮರೆಮಾಚಬಲ್ಲವು.

ಹೊಸಪೇಟೆಯಿಂದ ಸುಮಾರು 60 ಕಿ.ಮೀ. ದೂರದ ಬಳ್ಳಾರಿಯಲ್ಲಿ, ವಿಮ್ಸ್ ಎಂದೇ ಜನಜನಿತವಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಕ್ಷಯದ ಔಷಧಿ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಬೆನ್ನುಮೂಳೆಯ ಕ್ಷಯಕ್ಕೆ ಸಾಮಾನ್ಯವಾಗಿ ಒಂದು ವರ್ಷವಾದರೂ ಚಿಕಿತ್ಸೆ ಬೇಕು. ರಾತ್ರಿ ಹೆಚ್ಚುವ ನೋವು, ಸಂಜೆಯ ಜ್ವರ, ತೂಕ ಇಳಿಕೆ ಕಂಡರೆ ತಡಮಾಡದೆ ತೋರಿಸಬೇಕು. ಕಾಲು ಸೋಲುವುದು, ಮೂತ್ರ ಕಟ್ಟುವುದು ತುರ್ತಿನ ಲಕ್ಷಣ. ಅಂದೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ಆರಂಭವಾದ ಮೊದಲ ವಾರಗಳಲ್ಲಿ ಮತ್ತೆ ಎಂಆರ್‌ಐ ಮಾಡಿಸಿದರೆ, ನೋವು ತಗ್ಗಿದ್ದರೂ ಚಿತ್ರ ಹಾಗೆಯೇ ಇರಬಹುದು, ಕೆಲವೊಮ್ಮೆ ಕೆಟ್ಟಂತೆಯೂ ತೋರಬಹುದು. ಅದನ್ನು ಕಂಡು ಮಾತ್ರೆ ನಿಲ್ಲಿಸುವವರಿದ್ದಾರೆ. ಹಳೆಯ ಫಿಲ್ಮುಗಳನ್ನು ಜೋಪಾನವಾಗಿಟ್ಟು ಪ್ರತಿ ಭೇಟಿಯಲ್ಲೂ ಒಯ್ದರೆ, ಹೋಲಿಸಿ ನೋಡಿ ತೀರ್ಮಾನಿಸಲು ವೈದ್ಯರಿಗೆ ಸುಲಭ.