ದೋಣಿಯ ಹಲಗೆ: ಗ್ರಂಥವೂ ಬಡಗಿಯೂ

ಧಾರಾನಗರದ ಭೋಜರಾಜನ (೧೧ನೆಯ ಶತಮಾನ) ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಯುಕ್ತಿಕಲ್ಪತರು’ವಿನಲ್ಲಿ ನೌಕಾನಿರ್ಮಾಣವನ್ನು ಕುರಿತ ಪ್ರಕರಣವೊಂದುಂಟು. ೧೯೧೨ರಲ್ಲಿ ರಾಧಾಕುಮುದ ಮುಖರ್ಜಿಯವರು ಭಾರತೀಯ ನೌಕಾಯಾನದ ಚರಿತ್ರೆಯನ್ನು ಬರೆಯುವಾಗ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು.

ಗ್ರಂಥಕಾರನು ಮರವನ್ನು ನಾಲ್ಕಾಗಿ ವಿಂಗಡಿಸಿರುವನು. ಹಗುರವೂ ಮೃದುವೂ ಆಗಿ ಸುಲಭವಾಗಿ ಜೋಡಣೆಗೊಳ್ಳುವುದು ಬ್ರಾಹ್ಮಣ. ಹಗುರವಾಗಿ, ಗಟ್ಟಿಯಾಗಿ, ಜೋಡಣೆಗೆ ಒಗ್ಗದಿರುವುದು ಕ್ಷತ್ರಿಯ. ಮೃದುವೂ ಭಾರವೂ ಆದುದು ವೈಶ್ಯ. ಗಟ್ಟಿಯೂ ಭಾರವೂ ಆದುದು ಶೂದ್ರ. ಕ್ಷತ್ರಿಯಕಾಷ್ಠದ ನೌಕೆಯೇ ಸುಖಸಂಪತ್ತಿಗೆ ಕಾರಣವೆಂದು ಅವನ ಮತ. ಹೆಸರುಗಳನ್ನು ಕಂಡು ವಾಚಕರು ಭ್ರಮಿಸಬಾರದು. ತೂಕ, ಕಾಠಿಣ್ಯಗಳೆಂಬ ಎರಡು ಗುಣಗಳಿಂದ ಮಾಡಿದ ವಿಂಗಡಣೆಗೆ ಅಂದು ಪರಿಚಿತವಾಗಿದ್ದ ನಾಮಗಳನ್ನು ಇಟ್ಟಿರುವನು, ಅಷ್ಟೆ. ಭಿನ್ನಜಾತಿಯ ಮರಗಳನ್ನು ಬೆರಸಿದ ನೌಕೆಯು ಕೊಳೆತು ಒಡೆಯುವುದೆಂಬ ಮಾತಿಗೂ ಆಧಾರವುಂಟು. ಎರಡು ಬಗೆಯ ಮರಗಳು ನೀರು ಕುಡಿದಾಗ ಸಮನಾಗಿ ಉಬ್ಬಲಾರವು, ಸಂದು ಬಿಡುವುದು.

ಸಮುದ್ರದ ಹಲಗೆಗಳಿಗೆ ಕಬ್ಬಿಣವನ್ನು ಹಾಕಬಾರದು, ಅಯಸ್ಕಾಂತಶಿಲೆಗಳು ಸೆಳೆಯುವುವು ಎಂದೂ ಹೇಳಿದೆ. ೧೪ನೆಯ ಶತಮಾನದಲ್ಲಿ ನಮ್ಮ ಹೊನ್ನಾವರವನ್ನು ಕಂಡಿದ್ದ ಇಬ್ನ್ ಬತೂತನು ಬೇರೆ ಕಾರಣವನ್ನು ಕೊಡುವನು: ನಾರಿನ ಹಗ್ಗದಿಂದ ಹೊಲಿದ ಹಡಗು ಬಂಡೆಗೆ ತಗುಲಿದರೆ ಬಳುಕುವುದು, ಮೊಳೆ ಹೊಡೆದುದು ಒಡೆಯುವುದು. ಆಚಾರವೊಂದೇ, ಕಾರಣಗಳಲ್ಲಿ ಎರಡನೆಯದೇ ನಂಬತಕ್ಕದ್ದು.

ಪಾಠಶಾಲೆಯಲ್ಲಿ ನಾವು ಮರದ ಪರ್ಯಾಯಪದಗಳನ್ನು ಕಂಠಪಾಠ ಮಾಡಿದ್ದೆವೇ ಹೊರತು ಹಲಗೆಯನ್ನು ತಿರುಗಿಸಿ ನೋಡಿದವರಲ್ಲ. ನಿವೃತ್ತರಾದ ಬಳಿಕ ಒಮ್ಮೆ ಹೊಳೆಯ ದಡದಲ್ಲಿ ದೋಣಿ ಕಟ್ಟುತ್ತಿದ್ದ ವೃದ್ಧ ಬಡಗಿಯೊಬ್ಬನು, “ಮೇಷ್ಟ್ರೇ, ಈ ಹಲಗೆಗೆ ಬೆನ್ನು ಯಾವುದು, ಹೊಟ್ಟೆ ಯಾವುದು, ಹೇಳಿ ನೋಡುವ” ಎಂದನು. ನಾವು ನಿರುತ್ತರರಾದೆವು. ಅವನು ಹಲಗೆಯ ತುದಿಯಲ್ಲಿದ್ದ ವರ್ಷವಲಯಗಳ ಬಿಲ್ಲನ್ನು ತೋರಿಸಿದನು. ಅಗಲವಾಗಿ ಕೊಯ್ದ ಹಲಗೆ ಒಣಗುವಾಗ ತೊಗಟೆಯ ಕಡೆಯ ಮುಖ ತಗ್ಗಾಗುವುದು, ತಿರುಳಿನ ಕಡೆಯದು ಉಬ್ಬುವುದು. ಆದಕಾರಣ ಅವನು ತಿರುಳಿನ ಕಡೆಯನ್ನು ಹೊರಗಿಡುತ್ತಿದ್ದನು. ಅಂಚುಗಳು ಒಳಗಿನ ಪಕ್ಕೆಮರಕ್ಕೆ ಒತ್ತಿ ಕೂರುವುವು. ಬೇಗ ಕೊಳೆಯುವ ಹೊರಗಿನ ಬಿಳಿಯ ಭಾಗವನ್ನು ಕೆತ್ತಿ ತೆಗೆದು ಚೇಗನ್ನು ಮಾತ್ರ ಉಳಿಸಿಕೊಂಡಿದ್ದನು. ಮರವು ಉದ್ದಕ್ಕೆ ಉಬ್ಬುವುದು ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಆದುದರಿಂದಲೇ ಉದ್ದುದ್ದವಾಗಿ ಜೋಡಿಸಿದ ಹಲಗೆಗಳು ನೆನೆದೊಡನೆ ಒಂದನ್ನೊಂದು ಒತ್ತಿ ಸಂದನ್ನು ತಾವೇ ಮುಚ್ಚುವುವು.

ಮರದ ಗುಣವನ್ನು ವಿಂಗಡಿಸುವ ಆ ಶ್ಲೋಕಗಳಲ್ಲಿ ಈ ಪಾಠವಿಲ್ಲ. ೨೦೨೫ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ವೆಂಬ ಹೊಲಿದ ಹಡಗಿನ ಆಕಾರವನ್ನು ಅಜಂತೆಯ ಭಿತ್ತಿಚಿತ್ರದಿಂದ ಪಡೆದರು; ಹೊಲಿಗೆಯನ್ನು ಮಾತ್ರ ಕೇರಳದ ಕುಶಲಿಗಳ ಕೈಗಳೇ ಒದಗಿಸಬೇಕಾಯಿತು. ತಾಳೆಗರಿಗಳನ್ನು ಹುಡುಕಿ ರಕ್ಷಿಸುವ ನಾವು, ನಮ್ಮ ಹೊಳೆದಂಡೆಗಳ ವೃದ್ಧ ಬಡಗಿಗಳ ಮಾತನ್ನೂ ಅವರಿರುವಾಗಲೇ ಬರೆದಿಡುವುದು ಯುಕ್ತವಲ್ಲವೇ?