ಖಾಜನ ಗದ್ದೆಯ ಕಟ್ಟೆ

ಕಾರವಾರದಿಂದ ಮಾಜಾಳಿ ದಾಟಿ ಪೋಳೆ ಚೆಕ್‌ಪೋಸ್ಟಿಗೆ ಬಂದರೆ ರಾಜ್ಯ ಬದಲಾಗುತ್ತದೆ, ಬೋರ್ಡಿನ ಮೇಲಿನ ಲಿಪಿ ಬದಲಾಗುತ್ತದೆ. ಆದರೆ ಗದ್ದೆ ಬದಲಾಗುವುದಿಲ್ಲ. ಕುಮಟೆ, ಅಂಕೋಲೆಯವರು ಗಜನಿ ಎನ್ನುವ ಉಪ್ಪುನೀರಿನ ಗದ್ದೆಗೆ ಗೋವೆಯವರು ಖಾಜನ ಎನ್ನುತ್ತಾರೆ. ಆ ಕಡೆಯ ಕುಮರಿ ಬೇಸಾಯ ಈ ಕಡೆ ಕುಮೇರಿ. ಎರಡೂ ಭಾಷೆ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಖಾಜನ ಗದ್ದೆಯ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ. ಇಂದು ಅದನ್ನು ನಿಮ್ಮ ಮುಂದಿಡುತ್ತೇನೆ.

ಗೋವೆ ಎಂದೊಡನೆ ಜನರ ಕಣ್ಣಿಗೆ ಬೀಚು, ಹೋಟೆಲು ಬರುತ್ತವೆ. ಆದರೆ ಇದು ಮೂಲತಃ ಬೇಸಾಯದ ನಾಡು. ಒಟ್ಟು ವಿಸ್ತೀರ್ಣ 3,702 ಚದರ ಕಿಲೋಮೀಟರ್. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಸಮುದ್ರ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹಾದಾಯಿ ಇಲ್ಲಿ ಮಾಂಡವಿಯಾಗಿ ಕಡಲು ಸೇರುತ್ತಾಳೆ. ದಕ್ಷಿಣಕ್ಕೆ ಜುವಾರಿ, ಸಾಳ, ಕಾಣಕೋಣದಲ್ಲಿ ತಳಪಣ ಮತ್ತು ಗಾಲ್ಜಿಬಾಗ್ ನದಿಗಳು. ನೆಲ ತಗ್ಗಾದ್ದರಿಂದ ಭರತದ ವೇಳೆ ಕಡಲಿನ ಉಪ್ಪುನೀರು ನದಿಯಲ್ಲಿ ಬಹುದೂರ ಒಳಗೆ ನುಗ್ಗುತ್ತದೆ.

ಇಲ್ಲಿನ ರೈತರು ಭತ್ತದ ನೆಲವನ್ನು ಮೂರು ಬಗೆ ಮಾಡಿದ್ದಾರೆ. ಗುಡ್ಡದ ಇಳಿಜಾರಿನದು ಮೊರೊಡ್. ನಡುವಿನ ಮರಳು ಮಣ್ಣಿನದು ಖೇರ್. ನದೀತೀರದ ತಗ್ಗಿನದು ಖಾಜನ. ಈ ಖಾಜನ ಭೂಮಿ ಸುಮಾರು 18,000 ಹೆಕ್ಟೇರಿನಷ್ಟಿದೆ. ತಿಸವಾಡಿ, ಬಾರ್ದೇಶ, ಸಾಷ್ಟಿ, ಫೋಂಡಾ ತಾಲೂಕುಗಳಲ್ಲಿ ಅದು ಹೆಚ್ಚು.

ಖಾಜನ ದೇವರು ಕೊಟ್ಟ ಭೂಮಿಯಲ್ಲ, ಮನುಷ್ಯ ನದಿಯಿಂದ ಬಿಡಿಸಿಕೊಂಡ ಭೂಮಿ. ಕಾಂಡ್ಲಾ ಬೆಳೆದ ಕೆಸರಿಗೆ ಮಣ್ಣು, ಹುಲ್ಲು, ಬಿದಿರು, ಕೆಂಪು ಕಲ್ಲು ಹಾಕಿ ಕಟ್ಟೆ ಕಟ್ಟಿದರು. ಕಟ್ಟೆಯ ನಡುವೆ 'ಮಾನಸ್' ಎಂಬ ತೂಬನ್ನು ಇಟ್ಟರು. ಅದರ ಮರದ ಬಾಗಿಲುಗಳ ಜಾಣತನ ನೋಡಿ: ಭರತ ಬಂದಾಗ ಹೊರಗಿನ ನೀರಿನ ಒತ್ತಡಕ್ಕೆ ತಾವಾಗಿಯೇ ಮುಚ್ಚುತ್ತವೆ, ಇಳಿತದಲ್ಲಿ ಒಳಗಿನ ನೀರು ತಳ್ಳಿದಾಗ ತೆರೆದುಕೊಳ್ಳುತ್ತವೆ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕೊರ್ಗುಟ್ ಎಂಬ ಉಪ್ಪು ತಾಳುವ ಭತ್ತವನ್ನು ಬಿತ್ತುತ್ತಾರೆ. ಅಘನಾಶಿನಿ ಅಳಿವೆಯ ಮಾಣಿಕಟ್ಟೆಯಲ್ಲಿ ಬೆಳೆಯುವ ಕಗ್ಗ ಭತ್ತ ಇದರ ದಾಯಾದಿ ಎನ್ನಬಹುದು. ಕೊಯ್ಲಾದ ಮೇಲೆ ತೂಬಿನ ಬಾಯಲ್ಲಿ ಬಲೆ ಕಟ್ಟಿದರೆ ಮೀನು, ಸಿಗಡಿ. ಕೆಲವು ಕಡೆ ಬೇಸಿಗೆಯಲ್ಲಿ ಉಪ್ಪಿನ ಆಗರ. ಅನ್ನ, ಮೀನು, ಉಪ್ಪು ಮೂರೂ ಒಂದೇ ಕಟ್ಟೆಯ ಆಸರೆಯಲ್ಲಿ!

ಈ ಪದ್ಧತಿ ಎಷ್ಟು ಹಳೆಯದು? ಫೋಂಡಾ ತಾಲೂಕಿನ ಬಾಂದಿವಡೆಯಲ್ಲಿ ದೊರೆತ ಕೊಂಕಣದ ಮೌರ್ಯ ಅರಸ ಅನಿರ್ಜಿತವರ್ಮನ ತಾಮ್ರಶಾಸನದಲ್ಲಿ 'ಖಜ್ಜನ' ಎಂಬ ಪದವಿದೆ. ಆ ಶಾಸನಕ್ಕೆ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ವಯಸ್ಸು. ಇನ್ನು ನಮ್ಮ ಈ ಗಡಿಯ ವಯಸ್ಸನ್ನು ಲೆಕ್ಕ ಹಾಕಿ. ಕಾಣಕೋಣ, ಫೋಂಡಾ ಸೀಮೆಗಳು ಸೋದೆ ಅರಸರವು. ಕಾಳಿ ನದಿಯ ದಡದ ಸದಾಶಿವಗಡವೂ ಅವರದೇ. 1763-64ರಲ್ಲಿ ಹೈದರಾಲಿ ಸೋದೆಯನ್ನು ಗೆದ್ದಾಗ ಅರಸ ಗೋವೆಗೆ ಬಂದು ಪೋರ್ಚುಗೀಸರ ಆಶ್ರಯ ಪಡೆದ. ಕಾಣಕೋಣ, ಫೋಂಡಾ ಪೋರ್ಚುಗೀಸರ ಕೈಸೇರಿದವು, 1791ರಲ್ಲಿ ಒಪ್ಪಂದವೂ ಆಯಿತು. ಅಂದರೆ ಖಾಜನದ ಮುಂದೆ ಈ ಗಡಿ ನಿನ್ನೆ ಮೊನ್ನೆಯದು.

ಇಷ್ಟು ಕಾಲ ಕಟ್ಟೆ ನಿಂತದ್ದು ಹೇಗೆ? ಗಾಂವಕಾರಿ ಎಂಬ ಊರ ವ್ಯವಸ್ಥೆಯಿಂದ. ಊರ ಭೂಮಿ ಒಬ್ಬನ ಸೊತ್ತಲ್ಲ, ಗಾಂವಕಾರರ ಒಟ್ಟು ಸೊತ್ತು. ಗದ್ದೆಗಳನ್ನು ಅವಧಿಗೆ ಹರಾಜು ಹಾಕಿ ಗೇಣಿಗೆ ಕೊಡುತ್ತಿದ್ದರು. ಬಂದ ಹಣದಲ್ಲಿ ಅರಸನ ತೆರಿಗೆ, ಕಟ್ಟೆಯ ದುರಸ್ತಿ, ದೇವಸ್ಥಾನ, ಊರ ಕಸುಬಿನವರ ಪಾಲು ಕಳೆದು, ಉಳಿದದ್ದನ್ನು 'ಝೋಣ್' ಎಂದು ಗಾಂವಕಾರರು ಹಂಚಿಕೊಳ್ಳುತ್ತಿದ್ದರು. ಅಂಕೋಲೆ ಕಡೆ ಗಾಂವಕರ ಎಂಬ ಅಡ್ಡಹೆಸರು ಈಗಲೂ ಇದೆಯಲ್ಲವೇ? ಪೋರ್ಚುಗೀಸರು ಬಂದ ಮೇಲೂ ಇದನ್ನು ಕೀಳಲಿಲ್ಲ. 1526ರ ಸೆಪ್ಟೆಂಬರ್ 16ರಂದು ಅಫೊನ್ಸೊ ಮೆಷಿಯಾ ಎಂಬ ಅಧಿಕಾರಿ ಈ ರೂಢಿಗಳನ್ನೆಲ್ಲ ಬರೆಸಿ 'ಫೊರಾಲ್' ಎಂಬ ಸನದು ಹೊರಡಿಸಿದ. ಮುಂದೆ ಗಾಂವಕಾರಿಗೆ ಕೊಮುನಿದಾದ್ ಎಂಬ ಹೆಸರು ಬಂತು.

ಹಾಗೆಂದು ಹಳೆಯದೆಲ್ಲ ಬಂಗಾರವಲ್ಲ. ಝೋಣ್ ಗಂಡಸರಿಗೆ ಮಾತ್ರ, ಅದೂ ಗಾಂವಕಾರ ಮನೆತನದವರಿಗೆ. ಕೆಸರಿಗೆ ಇಳಿದು ಕಟ್ಟೆ ಕಟ್ಟಿದ, ನಟ್ಟಿ ನೆಟ್ಟ ಗಾವಡೆ, ಕುಣಬಿ ಜನರಿಗೆ ಅದರಲ್ಲಿ ಪಾಲಿರಲಿಲ್ಲ. ಗಾವಡೆ, ಕುಣಬಿ, ವೇಳಿಪ ಜನ ಗೋವೆಯ ಹಳೆಯ ಬೇಸಾಯಗಾರರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಯಿತು. 1964ರಲ್ಲಿ ಗೇಣಿ ಕಾನೂನು ಬಂತು, 1976ರ ತಿದ್ದುಪಡಿಯಿಂದ ಉಳುವವನೇ ಒಡೆಯನಾದ. ಇದು ನ್ಯಾಯವೇ. ಆದರೆ ಗದ್ದೆ ಪಾಲಾಯಿತು, ಕಟ್ಟೆ ಪಾಲಾಗುವ ವಸ್ತುವಲ್ಲ. ಅದನ್ನು ನೋಡಿಕೊಳ್ಳಲು ಗೇಣಿದಾರರ ಸಂಘಗಳು ಹುಟ್ಟಿದವು. ಕೆಲವು ಚೆನ್ನಾಗಿ ನಡೆದವು, ಕೆಲವು ಕಾಗದದಲ್ಲಿ ಉಳಿದವು. ಎಷ್ಟೋ ಕಡೆ ಭತ್ತದ ಹಣಕ್ಕಿಂತ ತೂಬಿನ ಮೀನಿನ ಹರಾಜಿನ ಹಣ ಹೆಚ್ಚಾಯಿತು. ಉಪ್ಪುನೀರು ಒಳಗೆ ಬಂದಷ್ಟೂ ಸಿಗಡಿ ಹೆಚ್ಚು. ಮುಚ್ಚಬೇಕಾದ ಬಾಗಿಲು ತೆರೆದೇ ಉಳಿಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಒಬ್ಬ ವಯಸ್ಸಾದ ರೈತರು ಬೆಳೆ ಸಾಲಕ್ಕೆ ಬಂದರು. ಒಂದು-ಹದಿನಾಲ್ಕರ ನಮೂನೆ, ಅಂದರೆ ನಮ್ಮ ಪಹಣಿ, ಸರಿಯಾಗಿತ್ತು. ಬೆಳೆ ಎಂಬ ಕಾಲಮಿನಲ್ಲಿ ಭತ್ತ ಎಂದಿತ್ತು. ಅರ್ಜಿ ತುಂಬುತ್ತ "ಯಾವಾಗ ಬಿತ್ತುತ್ತೀರಿ, ಬಾಬಾ?" ಎಂದು ಕೇಳಿದೆ. ಅವರು ಕೊಂಕಣಿಯಲ್ಲಿ ಮೆಲ್ಲಗೆ, "ಕಟ್ಟೆ ಒಡೆದು ಮೂರು ವರ್ಷವಾಯಿತು. ಗದ್ದೆಯಲ್ಲಿ ಕಾಂಡ್ಲಾ ಎದ್ದಿದೆ. ಸಾಲ ಸಿಕ್ಕರೆ ನನ್ನ ಪಾಲಿನ ಕಟ್ಟೆಯನ್ನಾದರೂ ಕಟ್ಟುತ್ತೇನೆ" ಎಂದರು. ಒಬ್ಬನ ಪಾಲಿನ ಕಟ್ಟೆಗೆ ಸಾಲ ಕೊಡುವ ನಿಯಮ ನಮ್ಮಲ್ಲಿರಲಿಲ್ಲ. ಕೊಟ್ಟಿದ್ದರೂ ಪಕ್ಕದವನ ಪಾಲು ಒಡೆದಿದ್ದರೆ ನೀರು ಬಾರದೆ ಇರುತ್ತಿತ್ತೇ? ಅರ್ಜಿ ಹಿಂದಕ್ಕೆ ಹೋಯಿತು. ನನಗೆ ಖಾಜನದ ಮರ್ಮ ತಿಳಿದದ್ದು ಅಂದು.

ಇಂದು ಗೋವೆಯ ಆದಾಯದಲ್ಲಿ ಬೇಸಾಯದ ಪಾಲು ಚಿಕ್ಕದು. ಪ್ರವಾಸೋದ್ಯಮ, ಔಷಧ ಕಾರ್ಖಾನೆಗಳು ಮುಂದಿವೆ. ಭತ್ತದ ಗದ್ದೆ ಕೃಷಿಕರಲ್ಲದವರ ಪಾಲಾಗದಂತೆ 2023ರಲ್ಲಿ ಗೋವಾ ಸರಕಾರ ಕಾನೂನು ಮಾಡಿದೆ. ಕಾನೂನು ಮಾರಾಟವನ್ನು ತಡೆಯಬಹುದು, ಭರತದ ನೀರನ್ನು ತಡೆಯಲಾರದು. ಪೋರ್ಚುಗೀಸರೇ ಆಳಿದ ಆಫ್ರಿಕಾದ ಗಿನಿ-ಬಿಸಾವ್‌ನಲ್ಲಿ ಬಲಾಂಟಾ ಎಂಬ ಜನ ಹೀಗೆಯೇ ಕಾಂಡ್ಲಾ ಕೆಸರಿಗೆ ಮಣ್ಣಿನ ಕಟ್ಟೆ ಹಾಕಿ ಭತ್ತ ಬೆಳೆಯುತ್ತಾರೆ. ಅಲ್ಲಿಯೂ ಅದು ಹತ್ತು ಜನ ಕೂಡಿ ಮಾಡುವ ಕೆಲಸ.

ಬಂಧುಗಳೇ, ಗಡಿಯ ಈ ಬದಿ ಖಾಜನ, ಆ ಬದಿ ಗಜನಿ. ನಿಮ್ಮೂರಿನಲ್ಲಿ ಅಂಥ ಕಟ್ಟೆಯಿದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಅದರ ಮೇಲೆ ನಡೆದು ಬನ್ನಿ. ಏಡಿ ಕೊರೆದ ತೂತು ಕಂಡರೆ ಯಾರ ಪಾಲಿನದೆಂದು ಕೇಳದೆ ಒಂದು ಬುಟ್ಟಿ ಮಣ್ಣು ಹಾಕಿ. ಅಮಾವಾಸ್ಯೆಯ ಭರತ ಯಾರ ಪಹಣಿಯನ್ನೂ ಓದಿ ಬರುವುದಿಲ್ಲ.