ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿ: ಇತಿಹಾಸ

ಶಿಕ್ಷಣದಲ್ಲೂ ಸರ್ಕಾರಿ ನೌಕರಿಯಲ್ಲೂ ಹಿಂದೆ ಬಿದ್ದ ಸಮುದಾಯಗಳಿಗೆ ನಿಗದಿತ ಪಾಲು ತೆಗೆದಿಡುವ ನೀತಿ. ಸಂವಿಧಾನ ಜಾರಿಯಾಗುವುದಕ್ಕೆ ಸುಮಾರು ಮೂರು ದಶಕ ಮೊದಲೇ ಮೈಸೂರು ಸಂಸ್ಥಾನ ಇದನ್ನು ಒಪ್ಪಿಕೊಂಡಿತ್ತು. ಮೀಸಲಾತಿ ಬೇಕೋ ಬೇಡವೋ ಎಂಬ ವಾದ ಇಲ್ಲಿ ಬೇಗನೆ ತಣ್ಣಗಾಯಿತು. ಹಿಂದುಳಿದವರು ಯಾರು, ಅದನ್ನು ಅಳೆಯುವುದು ಹೇಗೆ ಎಂಬ ಜಗಳ ನೂರು ವರ್ಷ ದಾಟಿದರೂ ನಡೆದೇ ಇದೆ.

ಮಿಲ್ಲರ್ ಸಮಿತಿ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರಿನ ಕಚೇರಿಗಳಲ್ಲಿ, ಅದರಲ್ಲೂ ಮೇಲಿನ ಹುದ್ದೆಗಳಲ್ಲಿ, ಬ್ರಾಹ್ಮಣರದೇ ಬಹುಮತ. ಜನಸಂಖ್ಯೆಯಲ್ಲಿ ಅವರ ಪಾಲು ತೀರ ಚಿಕ್ಕದು. 1917ರಲ್ಲಿ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಂತಾದ ಸಮುದಾಯಗಳ ಮುಖಂಡರು ಪ್ರಜಾಮಿತ್ರ ಮಂಡಲಿ ಕಟ್ಟಿದರು. ಮರುವರ್ಷ ಅವರ ನಿಯೋಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಮನವಿ ಸಲ್ಲಿಸಿತು. ಮಹಾರಾಜರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ಇದು ಹಿಡಿಸಲಿಲ್ಲ. ನೌಕರಿಗೆ ಅರ್ಹತೆಯೊಂದೇ ಅಳತೆಯಾಗಿರಬೇಕು, ಉಳಿದವರಿಗೆ ಓದಿನ ಅನುಕೂಲ ಹೆಚ್ಚಿಸಿದರೆ ಸಾಕು ಎಂಬುದು ಅವರ ನಿಲುವು. ಅವರು ದಿವಾನಗಿರಿ ಬಿಡಲು ಈ ಭಿನ್ನಾಭಿಪ್ರಾಯ ಮುಖ್ಯ ಕಾರಣವಾಯಿತು.

1919ರ ವರದಿಯ ಶಿಫಾರಸು ನೇರವಾಗಿತ್ತು: ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು. 1921ರಲ್ಲಿ ಸರ್ಕಾರಿ ಆದೇಶ ಹೊರಬಿತ್ತು. ಆದರೆ ಈ ಅಳತೆ ಬಲು ಒರಟು. ಊರಿನ ಪಟೇಲಿಕೆ ನಡೆಸುವ ಜಮೀನ್ದಾರ ಕುಟುಂಬವೂ ಅವರ ಹೊಲದಲ್ಲಿ ಜೀತಕ್ಕಿದ್ದ ಕುಟುಂಬವೂ ಇದರ ಕಣ್ಣಿಗೆ ಒಂದೇ. ಮೊದಲು ಶಾಲೆ ಮೆಟ್ಟಿಲು ಹತ್ತಿದವರಿಗೆ ಮೊದಲ ಲಾಭ ಸಿಕ್ಕಿತು. ಮುಂದಿನ ಎಲ್ಲ ಆಯೋಗಗಳೂ ಹೆಣಗಿದ್ದು ಈ ತೊಡಕಿನೊಂದಿಗೇ.

6.9 ಮತ್ತು 7.1

ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಮುಂಬೈ, ಹೈದರಾಬಾದ್, ಮದ್ರಾಸ್ ಸೀಮೆಗಳ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿಗೆ ಬಂದು ಸೇರಿದವು. 1958ರಲ್ಲಿ ಸರ್ಕಾರ ಹಳೆಯ ಜಾಡಿನಲ್ಲೇ ಬ್ರಾಹ್ಮಣರನ್ನುಳಿದು ಎಲ್ಲರೂ ಹಿಂದುಳಿದವರೆಂದು ಸಾರಿತು. ಹೈಕೋರ್ಟಿನ ಮುಂದೆ ಅದು ನಿಲ್ಲಲಿಲ್ಲ. 1960ರಲ್ಲಿ ನೇಮಕವಾದ ಆರ್. ನಾಗನಗೌಡ ಸಮಿತಿ ಹೊಸ ಅಳತೆ ಹುಡುಕಿತು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ ಎಂದು ಜಾತಿವಾರು ಲೆಕ್ಕ ತೆಗೆಯಿತು. ರಾಜ್ಯದ ಸರಾಸರಿ 6.9 ಬಂತು, ಲಿಂಗಾಯತರದು 7.1. ಸಮಿತಿ ಅವರನ್ನು ಮುಂದುವರಿದವರೆಂದು ಬರೆಯಿತು, ಸರ್ಕಾರ ಹಿಂದುಳಿದವರ ಪಟ್ಟಿಗೇ ಸೇರಿಸಿತು. ದಶಾಂಶ ಬಿಂದುವಿನಾಚೆಯ ಒಂದೆರಡು ಅಂಕಿ ಒಂದು ದೊಡ್ಡ ಸಮುದಾಯದ ಭವಿಷ್ಯ ನಿರ್ಧರಿಸುವ ಪರಿಸ್ಥಿತಿ ಬಂದಿತ್ತು. ಅಷ್ಟು ಕಿರಿದಾದ ಅಂತರವನ್ನು ಗಣಿತ ತೀರ್ಮಾನಿಸುವುದಿಲ್ಲ, ರಾಜಕೀಯ ತೀರ್ಮಾನಿಸುತ್ತದೆ.

1962ರ ಜುಲೈನಲ್ಲಿ ಬಂದ ಆದೇಶ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 15 ಮತ್ತು 3, ಒಟ್ಟು ಶೇ. 68 ಸೀಟುಗಳನ್ನು ಮೀಸಲಿಟ್ಟಿತು. ಎಂಜಿನಿಯರಿಂಗ್, ಮೆಡಿಕಲ್ ಸೀಟು ಕೈತಪ್ಪಿದವರು ಸುಪ್ರೀಂ ಕೋರ್ಟಿಗೆ ಹೋದರು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ನ್ಯಾಯಾಲಯ ಆ ಆದೇಶವನ್ನು ಹೊಡೆದುಹಾಕಿತು: ಜಾತಿಯೊಂದೇ ಆಧಾರವಾಗಬಾರದು, ಮೀಸಲಾತಿ ಸಾಮಾನ್ಯವಾಗಿ ಶೇ. 50ರ ಒಳಗಿರಬೇಕು. ಇಡೀ ದೇಶದ ಮೀಸಲಾತಿ ಚರ್ಚೆಯನ್ನು ಇಂದಿಗೂ ಕಟ್ಟಿಹಾಕಿರುವ ಐವತ್ತರ ಮಿತಿ ಹುಟ್ಟಿದ್ದು ಮೈಸೂರಿನ ಈ ಮೊಕದ್ದಮೆಯಲ್ಲಿ. ಆಮೇಲೆ ಕೆಲವು ವರ್ಷ ವಾರ್ಷಿಕ 1,200 ರೂಪಾಯಿಯೊಳಗಿನ ಆದಾಯ ಮತ್ತು ಕಸುಬಿನ ಆಧಾರದ ಮೇಲೆ ಸೀಟು ಹಂಚಲಾಯಿತು.

ಹಾವನೂರ್ ವರದಿ

1972ರಲ್ಲಿ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸು ಒಕ್ಕಲಿಗ, ಲಿಂಗಾಯತ ಎಂಬ ಎರಡು ಪ್ರಬಲ ಜಾತಿಗಳಲ್ಲಿ ಯಾವುದರಿಂದಲೂ ಬಂದವರಲ್ಲ. ಅದೇ ವರ್ಷ ಅವರು ವಕೀಲ ಎಲ್.ಜಿ. ಹಾವನೂರ್ ಅವರನ್ನು ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರನ್ನಾಗಿ ಮಾಡಿದರು. ಆಯೋಗ ಹಳ್ಳಿಗಳನ್ನು ಸಮೀಕ್ಷೆ ಮಾಡಿತು. 1972ರ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಜಾತಿವಾರು ಬಿಡಿಸಿತು, ನೌಕರಿಯಲ್ಲಿ ಯಾರೆಷ್ಟಿದ್ದಾರೆಂದು ಎಣಿಸಿತು. 1975ರ ವರದಿ ಹಿಂದುಳಿದವರನ್ನು ಸಮುದಾಯ, ಜಾತಿ, ಬುಡಕಟ್ಟು ಎಂದು ಮೂರಾಗಿ ವಿಂಗಡಿಸಿತು. ಒಕ್ಕಲಿಗರು ಪಟ್ಟಿಯೊಳಗೆ ಉಳಿದರು, ಲಿಂಗಾಯತರು ಹೊರಬಿದ್ದರು. ರಾಜ್ಯದಲ್ಲಿ ಕೋಲಾಹಲವೆದ್ದಿತು. ಅರಸು ಈ ವರದಿಯನ್ನು ಹಿಂದುಳಿದವರ ಬೈಬಲ್ ಎಂದು ಕರೆದರು. 1977ರ ಆದೇಶದಲ್ಲಿ, ಜಾತಿ ನೋಡದೆ ಬಡತನವನ್ನಷ್ಟೇ ಪರಿಗಣಿಸುವ ಶೇ. 5ರ ವಿಶೇಷ ಗುಂಪೂ ಸೇರಿ, ಮೀಸಲಾತಿ ಶೇ. 40ಕ್ಕೇರಿತು. ಪರಿಶಿಷ್ಟರ ಪಾಲು ಇದರಾಚೆಗಿನದು.

ವರದಿಯಷ್ಟೇ ಕೆಲಸ ಮಾಡಿತೆನ್ನಲಾಗದು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಜಮೀನು ಕೊಟ್ಟಿತು. ಹಳ್ಳಿ ಮಕ್ಕಳು ಕಾಲೇಜಿಗೆ ಬರಲು ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲುಗಳ ಊಟ-ವಸತಿ ಬೇಕಾಯಿತು. ಓದಲು ಹುಡುಗನೇ ಇಲ್ಲದಿದ್ದರೆ ಕಾಯ್ದಿಟ್ಟ ಸೀಟಿಗೆ ಅರ್ಥವಿಲ್ಲ ಎಂಬುದನ್ನು ಆ ಸರ್ಕಾರ ಬಲ್ಲದಾಗಿತ್ತು.

ನಂತರದ ಆಯೋಗಗಳು

ಹಾವನೂರ್ ವರದಿಯ ಮೇಲಿನ ದಾವೆ ಸುಪ್ರೀಂ ಕೋರ್ಟಿನಲ್ಲಿ ಕೆ.ಸಿ. ವಸಂತಕುಮಾರ್ ಪ್ರಕರಣವಾಯಿತು. 1985ರಲ್ಲಿ ಐವರು ನ್ಯಾಯಮೂರ್ತಿಗಳು ಐದು ಪ್ರತ್ಯೇಕ ಅಭಿಪ್ರಾಯ ಬರೆದರು! 1986ರಲ್ಲಿ ಬಂದ ವೆಂಕಟಸ್ವಾಮಿ ಆಯೋಗದ ವರದಿ ಒಕ್ಕಲಿಗ, ಲಿಂಗಾಯತ ಎರಡೂ ಸಮುದಾಯಗಳನ್ನು ಪಟ್ಟಿಯಿಂದ ಕೈಬಿಟ್ಟಿತ್ತು. ಸರ್ಕಾರ ವರದಿಯನ್ನೇ ಕೈಬಿಟ್ಟಿತು. ಆ ಐವರಲ್ಲೊಬ್ಬರಾದ ಓ. ಚಿನ್ನಪ್ಪ ರೆಡ್ಡಿಯವರ ಆಯೋಗ 1990ರಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿತು.

1994ರಲ್ಲಿ ವೀರಪ್ಪ ಮೊಯಿಲಿ ಸರ್ಕಾರ ಒಟ್ಟು ಮೀಸಲಾತಿಯನ್ನು ಶೇ. 73ಕ್ಕೆ ಒಯ್ಯಲು ಹೊರಟಿತು. ಇಂದ್ರಾ ಸಾಹ್ನಿ ಪ್ರಕರಣದ ತನ್ನ ತೀರ್ಪಿನಲ್ಲಿ ಐವತ್ತರ ಮಿತಿಯನ್ನು ಆಗಲೇ ಗಟ್ಟಿಗೊಳಿಸಿದ್ದ ಸುಪ್ರೀಂ ಕೋರ್ಟ್ ಇದನ್ನು ತಡೆಯಿತು. ಹಾಗೆ ಉಳಿದುಕೊಂಡ ಹಂಚಿಕೆಯೇ ಇಂದು ಅರ್ಜಿ ನಮೂನೆಗಳಲ್ಲಿ ಕಾಣುವ ಪ್ರವರ್ಗಗಳು: ಒಂದಕ್ಕೆ ಶೇ. 4, 2ಎಗೆ 15, ಮುಸ್ಲಿಮರ 2ಬಿಗೆ 4, ಒಕ್ಕಲಿಗರಿರುವ 3ಎಗೆ 4, ಲಿಂಗಾಯತರಿರುವ 3ಬಿಗೆ 5. 2023ರ ಮಾರ್ಚ್‌ನಲ್ಲಿ ಅಂದಿನ ಸರ್ಕಾರ 2ಬಿಯನ್ನು ತೆಗೆದು ಅದರ ಪಾಲನ್ನು ಒಕ್ಕಲಿಗ, ಲಿಂಗಾಯತ ಸಮುದಾಯಗಳಿಗೆ ಹಂಚಿತು. ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಮಾತು ಕೊಡಬೇಕಾಯಿತು.

2015ರಲ್ಲಿ ಎಚ್. ಕಾಂತರಾಜ ಅಧ್ಯಕ್ಷತೆಯ ಆಯೋಗ ಮನೆಮನೆ ಸಮೀಕ್ಷೆ ನಡೆಸಿತು. ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿಯಲ್ಲಿ, ಕೆ. ಜಯಪ್ರಕಾಶ್ ಹೆಗ್ಡೆ ಅಧ್ಯಕ್ಷರಾಗಿದ್ದಾಗ. ಅಷ್ಟರಲ್ಲಿ ಅಂಕಿಅಂಶಗಳಿಗೆ ಹತ್ತು ವರ್ಷ ತುಂಬುತ್ತ ಬಂದಿತ್ತು. ಹತ್ತು ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಿಸಬೇಕೆಂಬ 1995ರ ಆಯೋಗ ಕಾಯ್ದೆಯ ನಿಯಮ ತೋರಿಸಿ, 2025ರ ಸೆಪ್ಟೆಂಬರ್ 22ರಿಂದ ಸರ್ಕಾರ ಮತ್ತೊಂದು ಸಮೀಕ್ಷೆ ಆರಂಭಿಸಿತು. ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋದವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು.